ಐದನೆಯ ಸಲ ಕಟ್ಟಿದ ಸಂಡಾಸು

"ಲೇ ಮುತ್ತ್ಯಾ, ಇಷ್ಟು ಗಟ್ಟಿ ಕಟ್ಟಬ್ಯಾಡ ಅಂತ ಎಷ್ಟು ಸಲ ಹೇಳಬೇಕೋ ನಿನಗ? ತಲ್ಯಾಗ ಸಗಣಿ ತುಂಬೇದೇನು?"

ಬಿಂದುಮಾಧವ ಸರ್ ಬೂಟುಗಾಲಿನಿಂದ ಗೋಡೆಯನ್ನು ಒದ್ದರು. ಗೋಡೆ ಅಲುಗಲಿಲ್ಲ. ಅವರ ಸಿಟ್ಟಿಗೆ ಅದೇ ಕಾರಣ.

"ಸಿಮೆಂಟ್ ಹಾಕೀಯೇನು?"

"ಒಂದೀಟ ಹಾಕೇನ್ರಿ. ಬರೇ ಮಣ್ಣಾಗ ಕಟ್ಟಿದ್ರ ಮಳಿಗೆ ನಿಂದ್ರೂದಿಲ್ರಿ."

"ನಿಂದರಬೇಕಂತ ಯಾರು ಹೇಳ್ಯಾರೋ? ಹೋದ ಸಲ ಕೆಡವಲಿಕ್ಕೆ ಎರಡು ದಿವಸ ಹಿಡೀತು. ಮಣ್ಣಾಗ ಕಟ್ಟು. ಎದಿಮಟ್ಟ ಬಂದ್ರ ಸಾಕು. ಮತ್ತ ಸ್ವಲ್ಪ ಡೊಂಕ ಇರಲಿ. ಹುಡುಗರು ಕಟ್ಟಿದಂಗ ಕಾಣಬೇಕು."

ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದ್ದೇನೆ. ಬೆಳಗಾವಿ ಕ್ಯಾಂಪಿನ ಹಳೆ ಬಂಗಲೆಗಳ ಕಂಪೌಂಡು ನಿಲ್ಲಿಸಿದ್ದೇನೆ, ಸದಾಶಿವನಗರದಲ್ಲಿ ಮೂರು ಅಂತಸ್ತು ಏರಿಸಿದ್ದೇನೆ. ಗೋಡೆ ಡೊಂಕಾಯಿತೆಂದು ಬೈಸಿಕೊಂಡಿದ್ದೇನೆ. ನೆಟ್ಟಗಾಯಿತೆಂದು ಬೈಸಿಕೊಂಡದ್ದು ಇಲ್ಲಿ ಮಾತ್ರ.

ಗೋಡೆ ನಮ್ಮ ಕೇರಿಯ ಸಾಲೆಯ ಹೆಣ್ಣುಮಕ್ಕಳ ಸಂಡಾಸಿನದು. ನಂದಗಡದಿಂದ ನಾಲ್ಕು ಕಿಲೋಮೀಟರು ಒಳಗೆ ನಮ್ಮ ಊರು. ಬಿಂದುಮಾಧವ ಸರ್ ಸದಾಶಿವನಗರದಲ್ಲಿ ಒಂದು ಸೆಂಟರ್ ನಡೆಸುತ್ತಾರೆ. ಹನ್ನೆರಡನೆಯ ಇಯತ್ತೆ ಮುಗಿಸಿದ ಶ್ರೀಮಂತರ ಮಕ್ಕಳನ್ನು ಅಲ್ಲಿ ಕೂರಿಸಿಕೊಂಡು, ಇಂಗ್ಲೆಂಡು ಆಸ್ಟ್ರೇಲಿಯಾದ ಯೂನಿವರ್ಸಿಟಿಗಳಲ್ಲಿ ಡಿಗ್ರಿಗೆ ಸೇರಲು ತಯಾರು ಮಾಡುತ್ತಾರೆ. ಆ ಯೂನಿವರ್ಸಿಟಿಗಳಿಗೆ ಬರೀ ಮಾರ್ಕ್ಸು ಸಾಲುವುದಿಲ್ಲವಂತೆ. ನಲವತ್ತು ತಾಸು ಬಡವರ ಸೇವೆ ಮಾಡಿದ್ದೇನೆಂದು ಸರ್ಟಿಫಿಕೇಟು ಬೇಕು, ಫೋಟೋ ಬೇಕು, ಬಡವರು ಬೇಕು. ಬಡವರು ನಾವು.

ವರ್ಷಕ್ಕೆ ಎರಡು ಬ್ಯಾಚು. ಒಂದು ಬ್ಯಾಚು ಬಂದು ಎದೆಮಟ್ಟದ ಗೋಡೆಯ ಮೇಲೆ ನಾಲ್ಕು ಇಟ್ಟಿಗೆ ಇಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತದೆ. ಮುಂದಿನ ಬ್ಯಾಚು ಬರುವ ಮೊದಲು ನಾನು ಅದನ್ನು ಕೆಡವಬೇಕು. ಯಾಕೆಂದರೆ ಅವರೂ ಕಟ್ಟಬೇಕಲ್ಲ. ಕೆಡವಿದ ಮೇಲೆ ಮತ್ತೆ ನಾನೇ ಎದೆಮಟ್ಟ ಏರಿಸಿಡಬೇಕು. ಹೀಗೆ ಒಂದೇ ಸಂಡಾಸನ್ನು ಮೂರು ಬ್ಯಾಚು ಕಟ್ಟಿ ಹೋಗಿದ್ದವು. ಇದು ನಾಲ್ಕನೆಯದು.

ನಾನೂ ಸಾಚಾ ಅಲ್ಲ. ಕಟ್ಟಿದ್ದಕ್ಕೂ ಪಗಾರ ಇಸಿದುಕೊಂಡೆ, ಕೆಡವಿದ್ದಕ್ಕೂ ಇಸಿದುಕೊಂಡೆ.

ಹೆಡ್‌ಮಾಸ್ತರ ಈರಯ್ಯನವರಿಗೆ ಸೆಂಟರಿನವರು ಫ್ಯಾನು, ಕುರ್ಚಿ, ನೀರಿನ ಫಿಲ್ಟರು ಕೊಟ್ಟಿದ್ದರು. ಅವರು ಮೊದಲ ಬ್ಯಾಚಿನ ಫೋಟೋವನ್ನೇ ಮೇಲಿನವರಿಗೆ ಕಳಿಸಿ 'ಸಂಡಾಸು ಪೂರ್ಣಗೊಂಡಿದೆ' ಎಂದು ಬರೆದುಬಿಟ್ಟರು. ಈಗ ಸರಕಾರದ ಕಡತದಲ್ಲಿ ನಮ್ಮ ಸಾಲೆಗೆ ಸಂಡಾಸಿದೆ. ಇದ್ದದ್ದನ್ನು ಯಾರೂ ಮತ್ತೆ ಕಟ್ಟಿಸುವುದಿಲ್ಲ.

ಹುಡುಗಿಯರು ಸಾಲೆಯ ಹಿಂದಿನ ಕಬ್ಬಿಗೆ ಹೋಗುತ್ತಿದ್ದರು. ನನ್ನ ಮಗಳು ನೇತ್ರಾ ಏಳನೆಯ ಇಯತ್ತೆ.

ಆ ಗೋಡೆ ಕಿತ್ತು ಬರೀ ಮಣ್ಣಿನಲ್ಲಿ ಮತ್ತೆ ಏರಿಸಿಟ್ಟೆ. ಮುಂದಿನ ವಾರ ಒಂದು ಬೆಳಿಗ್ಗೆ ಹತ್ತೂವರೆಗೆ ವ್ಯಾನು ಬಂತು. ಹನ್ನೆರಡು ಹುಡುಗ ಹುಡುಗಿಯರು ಇಳಿದರು. ಎಲ್ಲರ ಕೈಗೂ ಹೊಸ ಕೈಗವಸು. ಸರ್ ನಮ್ಮ ಮನೆಯಲ್ಲಿ ಇಡಿಸಿದ್ದ ಸಿಮೆಂಟಿನ ಚೀಲಗಳನ್ನೂ ಪ್ಲಾಸ್ಟಿಕ್ ಬಿಚ್ಚದ ಸಂಡಾಸಿನ ಪಾಟನ್ನೂ ಹೊರಗೆ ತಂದು ಗೋಡೆಯ ಬಾಜು ಜೋಡಿಸಿದೆ. ಅವು ಬರೀ ಫೋಟೋಕ್ಕೆ.

ನನ್ನ ಹೆಂಡತಿ ಪ್ರಮಿಳಾ ಮಣ್ಣಿನ ಪುಟ್ಟಿ ಹೊರಲು ಬಂದಳು. ಫೋಟೋ ತೆಗೆಯುತ್ತಾರೆಂದು ತವರಿನವರು ಕೊಟ್ಟ ಹಸಿರು ಸೀರೆ ಉಟ್ಟಿದ್ದಳು.

"ಏನು ಬಾಯಿ, ಮದಿವಿಗೆ ಬಂದೀಯೇನು?" ಎಂದರು ಬಿಂದುಮಾಧವ ಸರ್. "ದಿನಾ ಉಡೂದು ಉಟ್ಟು ಬಾ ಹೋಗು."

"ಅದನ್ನ ಒಗದು ಹಾಕೇನ್ರಿ. ಹಸೀ ಐತ್ರಿ."

"ಹಸೀದಽ ಉಟ್ಟು ಬಾ."

ಅವಳು ನನ್ನ ಕಡೆ ನೋಡಿದಳು. ನಾನು ಮಣ್ಣು ಕಲಸತೊಡಗಿದೆ. ಹಸಿ ಸೀರೆ ಉಟ್ಟುಕೊಂಡು ಬಂದು ಅವಳು ಪುಟ್ಟಿ ಹೊತ್ತಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅನಿಕೇತ ಎಂಬ ಹುಡುಗ ಆ ಪುಟ್ಟಿಗೆ ಒಂದು ಕೈ ಹಚ್ಚಿ, ಫೋಟೋದವನು ತಲೆ ಅಲ್ಲಾಡಿಸುವವರೆಗೆ ನಕ್ಕು, ಕೈ ಬಿಟ್ಟ.

ಹನ್ನೆರಡರ ಸುಮಾರಿಗೆ ಶರ್ವರಿ ಎಂಬ ಹುಡುಗಿ ಸರ್ ಕಿವಿಯಲ್ಲಿ ಏನೋ ಹೇಳಿದಳು. ಕೂಡಲೇ ವ್ಯಾನು ಚಾಲೂ ಆಯಿತು. ಅವಳನ್ನು ಖಾನಾಪುರದ ಹೋಟೆಲಿಗೆ ಕರೆದೊಯ್ದು ಮುಕ್ಕಾಲು ತಾಸಿನ ಮೇಲೆ ವಾಪಸು ಬಂತು.

ನೇತ್ರಾ ಬೇಲಿಯ ಹತ್ತಿರ ನಿಂತಿದ್ದಳು. "ಅಪ್ಪಾ, ಆ ಅಕ್ಕಾ ಒಂದಕ್ಕ ಮಾಡಾಕ ಗಾಡಿ ಮ್ಯಾಲೆ ಹೋಗಿದ್ಲಾ?"

"ಹೂಂ."

"ಖಾನಾಪುರಕ್ಕಾ?"

"ಹೂಂ ಅಂದ್ನೆಲ್ಲಾ. ಸಾಲಿ ಒಳಗ ನಡಿ."

ಸಂಜೆ ಈರಯ್ಯ ಮಾಸ್ತರು ಅವಳನ್ನೇ ಗೋಡೆಯ ಮುಂದೆ ನಿಲ್ಲಿಸಿ, ಸಂಡಾಸು ಕಟ್ಟಿಕೊಟ್ಟಿದ್ದಕ್ಕೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿಸಿದರು. ಮೂರು ಸಲ ಹೇಳಿಸಿದರು, ಮೂರನೆಯ ಸಲ ನಕ್ಕಳೆಂದು ಬಿಟ್ಟರು. ವ್ಯಾನು ಹತ್ತುತ್ತಿದ್ದ ಶರ್ವರಿಯನ್ನು ನೇತ್ರಾ ಕೇಳಿದಳು, "ಅಕ್ಕಾರ, ಉಳದದ್ದು ಯಾವಾಗ ಕಟ್ಟತೀರಿ?"

ಆ ಹುಡುಗಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ನಮ್ದು ನಲವತ್ತು ಅವರ್ಸ್ ಮುಗದಾವಲ್ಲ" ಎಂದಳು.

ಮಳೆಗಾಲದಲ್ಲಿ ಆ ಮಣ್ಣಿನ ಗೋಡೆಯ ಒಂದು ಮೂಲೆ ಕರಗಿತು. ಅದೇ ತಿಂಗಳು ಕಬ್ಬಿನ ಮಾಲಕ ದುಂಡಪ್ಪ ಸಾಹುಕಾರ ಹುಡುಗಿಯರ ಮೇಲೆ ಮಣ್ಣಿನ ಹೆಂಟೆ ಒಗೆದ. "ನಿಮ್ಮಪ್ಪನ ಹೊಲ ಏನ್ರಲೇ ರಂಡ್ಯಾರಾ, ನನ್ನ ಬೆಳಿ ಹೊಲಸು ಮಾಡಾಕ?" ಒಂದು ಹೆಂಟೆ ನೇತ್ರಾಳ ಬೆನ್ನಿಗೆ ಬಿತ್ತು. ಅಂದಿನಿಂದ ಅವಳು ಸಾಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಆಗಸ್ಟಿನಲ್ಲಿ ಜ್ವರ ಬಂತು, ಮೂತ್ರದಲ್ಲಿ ರಕ್ತ ಬಂತು. ದವಾಖಾನೆಯಿಂದ ಬಂದ ಮೇಲೆ ಪಾಟಿಚೀಲ ಗೂಟಕ್ಕೆ ಹಾಕಿ, "ನಾ ಸಾಲಿ ಒಲ್ಲೆ" ಎಂದಳು.

ಪ್ರಮಿಳಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು.

"ಡಾಕ್ಟರ್ ಕೇಳಿದ, ಈಕಿ ಯಾಕ ನೀರು ಕುಡಿಯಂಗಿಲ್ಲ ಅಂತ. ನಾ ಏನ ಹೇಳಬೇಕಿತ್ತು? ಈಕಿ ಅಪ್ಪ ಗೌಂಡಿ ಅದಾನ್ರಿ, ಅದಕ್ಕ ಕುಡಿಯಂಗಿಲ್ರಿ ಅನ್ನಬೇಕಿತ್ತಾ?"

"ನಾ ಏನ ಮಾಡ್ಲೇ? ಆ ಭಾಡ್ಯಾ ಕೆಡವು ಅಂತಾನ, ಕೆಡವತೀನಿ."

"ಕೆಡವು. ಕಟ್ಟು, ಕೆಡವು. ನಾಯಿ ಗುಂಡಿ ತೋಡಿದಂಗ. ನಾಯಿನಾದ್ರೂ ತಾ ತೋಡಿದ ಗುಂಡ್ಯಾಗ ಮಕ್ಕೊಂತೈತಿ."

ಕೈ ಎತ್ತಿದೆ. ಅವಳು ಕಣ್ಣು ಮುಚ್ಚಲಿಲ್ಲ. ಕೈ ಇಳಿಸಿ ಹೊರಗೆ ಹೋದೆ.

ದಸರಾ ಸೂಟಿ ಬಿಟ್ಟ ದಿನ ಬಿಂದುಮಾಧವ ಸರ್ ಫೋನು ಬಂತು. "ಸೂಟಿ ಮುಗದ ದಿವಸ ಹೊಸ ಬ್ಯಾಚ್ ಬರ್ತದ. ಇಂಗ್ಲೆಂಡಿನ ಯೂನಿವರ್ಸಿಟಿ ಮೇಡಂ ಖುದ್ದು ನೋಡಲಿಕ್ಕೆ ಬರ್ಲಿಕ್ಹತ್ಯಾರ. ಹಳೇದು ಕೆಡವಿ ಹೊಸಾದು ತಯಾರಿಡು."

"ಆತ್ರಿ" ಎಂದೆ.

ಕೆಡವು ಎಂದಿದ್ದರು, ಕೆಡವಿದೆ. ಪಾಯಾ ಸಮೇತ ಕಿತ್ತೆ. ಈರಯ್ಯ ಮಾಸ್ತರು ಸೂಟಿಗೆ ತಮ್ಮ ಊರಿಗೆ ಹೋಗಿದ್ದರು. ಹಾಡುಹಗಲೇ ಕೆಲಸ ಶುರುವಾಯಿತು. ಕೇರಿಯ ಆರು ಮಂದಿ ಗುಂಡಿ ತೋಡಿದರು. ನೀರು ಇಂಗಲೆಂದು ಸಂದು ಬಿಟ್ಟು ಇಟ್ಟಿಗೆ ಕೂರಿಸಿ, ಮೇಲೆ ಚಪ್ಪಡಿ ಮುಚ್ಚಿದೆ. ನಾಲ್ಕು ಬ್ಯಾಚಿನ ಫೋಟೋದಲ್ಲಿದ್ದ ಸಿಮೆಂಟಿನ ಚೀಲಗಳ ಹೊಲಿಗೆ ಬಿಚ್ಚಿದೆ, ಪಾಟಿನ ಪ್ಲಾಸ್ಟಿಕ್ಕೂ ಬಿಚ್ಚಿದೆ. ಒಂದು ಚೀಲ ಗಂಟುಗಟ್ಟಿತ್ತು, ಉಳಿದವು ಚಲೋ ಇದ್ದವು. ಸೋಮಲಿಂಗ ತನ್ನ ಕುರಿದೊಡ್ಡಿಯ ಮೇಲಿನ ತಗಡು ತೆಗೆದುಕೊಟ್ಟ. ಬಾಗಿಲಿಗೆ ಒಳಗಿನಿಂದ ದಪ್ಪನೆಯ ಚಿಲಕ ಬೇಕೆಂದು ಪ್ರಮಿಳಾ ತಾನೇ ನಂದಗಡದ ಸಂತೆಗೆ ಹೋಗಿ ತಂದಳು. ನೇತ್ರಾ ಎಂಟು ದಿನ, ದಿನಕ್ಕೆ ಮೂರು ಸಲ, ಗೋಡೆಗೆ ನೀರು ಹೊಡೆದಳು. ನನ್ನ ಜೀವಮಾನದಲ್ಲಿ ಅಷ್ಟು ನೆಟ್ಟಗಿನ ಗೋಡೆ ನಾನು ಕಟ್ಟಿಲ್ಲ.

ಸೂಟಿ ಮುಗಿದ ದಿನ ವ್ಯಾನಿನ ಹಿಂದೆ ಒಂದು ಕಾರೂ ಬಂತು. ಬಿಂದುಮಾಧವ ಸರ್ ಮೊದಲು ಇಳಿದರು. ಸಂಡಾಸು ನೋಡಿದರು, ನನ್ನನ್ನು ನೋಡಿದರು. ಕಾರಿನ ಬಾಗಿಲು ತೆರೆಯುತ್ತಿದ್ದ ಮೇಡಂಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಒಳಗೇ ಕೂರಿಸಿ, ನನ್ನ ಹತ್ತಿರ ಓಡಿ ಬಂದರು.

"ಏನು ಮಾಡೀಯೋ ಇದು, ಹಲ್ಕಟ್?"

"ಸಂಡಾಸ್ರಿ."

"ಕೆಡವು. ಈಗಿಂದೀಗ. ಮೇಡಂನ ಸಾಲಿ ಒಳಗ ಚಹಾಕ್ಕ ಕೂಡಸ್ತೀನಿ. ಅರ್ಧಾ ತಾಸಿನ್ಯಾಗ ಮ್ಯಾಲಿಂದು ಬಿಚ್ಚು."

"ಒಳಗ ಮಂದಿ ಅದಾರ್ರಿ."

ಅವರು ಬಾಗಿಲು ಬಡಿದರು. "ಯಾರದೀರಿ? ಹೊರಗ ಬರ್ರಿ."

"ತಡೀರಿ, ಕುಂತೇನಿ" ಎಂದಳು ಒಳಗಿನಿಂದ ನೇತ್ರಾ. ಅಂದು ಅವಳು ಎರಡು ತಿಂಗಳ ಮೇಲೆ ಯೂನಿಫಾರ್ಮು ಹಾಕಿಕೊಂಡು ಸಾಲೆಗೆ ಬಂದಿದ್ದಳು.

ಬಾಗಿಲ ಹೊರಗೆ ಒಂಬತ್ತು ಹುಡುಗಿಯರು ಸಾಲು ಹಚ್ಚಿದ್ದರು. ಅವರ ಹಿಂದೆ ಪ್ರಮಿಳಾ, ಹಸಿರು ಸೀರೆ ಉಟ್ಟು. ಅವಳ ಹಿಂದೆ ಕೇರಿಯ ಹೆಂಗಸರು, ಕೈಯಲ್ಲಿ ತಂಬಿಗೆ. ವ್ಯಾನಿನಿಂದ ಇಳಿದ ಹುಡುಗರು ಕೈಗವಸು ಹಾಕಿಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತರು. ಈರಯ್ಯ ಮಾಸ್ತರು ಸಾಲೆಯ ಬಾಗಿಲಲ್ಲಿ ಕಾಣಿಸಿಕೊಂಡು ಒಳಗೆ ಸರಿದರು.

"ನನ್ನ ಸಿಮೆಂಟ್ ಕದ್ದೀ ನೀ. ಪೊಲೀಸರಿಗೆ ಹಿಡಿದು ಕೊಡ್ತೀನಿ, ಮಗನ."

"ಕೊಡ್ರಿ. ಏನು ಕದ್ದೆ, ಎಲ್ಲಿ ಹಾಕಿದೆ ಅಂತ ನಾನಽ ತೋರಸ್ತೀನಿ. ನೀವು ಮೊದಲಿನ ನಾಕು ಸಂಡಾಸಿನ ಫೋಟೋ ತೊಗೊಂಡು ಬರ್ರಿ."

ಕಲ್ಲು ಒಡೆಯುವ ಸುತ್ತಿಗೆಯನ್ನು ತಂದು ಮುಂದೆ ನಿಂತಿದ್ದ ಹುಡುಗನ ಕೈಗೆ ಕೊಟ್ಟೆ. "ತೊಗೋರಿ ಸಾಹೇಬ್ರ, ನೀವಽ ಕೆಡವ್ರಿ. ಈ ಸಲ ನಾ ಒಲ್ಲೆ." ಅವನು ಅದರ ಭಾರಕ್ಕೆ ಬಾಗಿ, ನಿಧಾನಕ್ಕೆ ನೆಲದ ಮೇಲಿಟ್ಟ. ಕಾರಿನಲ್ಲಿದ್ದ ಮೇಡಂ ಗಾಜು ಇಳಿಸಿ ಏನೋ ಕೇಳಿದಳು.

ಒಳಗೆ ನೀರು ಸುರಿದ ಸದ್ದಾಯಿತು. ಚಿಲಕ ತೆಗೆದು ನೇತ್ರಾ ಹೊರಗೆ ಬಂದಳು, ಮುಂದಿನ ಹುಡುಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಿಂದುಮಾಧವ ಸರ್ ಬಾಗಿಲಿಗೆ ಅಡ್ಡ ನಿಂತೇ ಫೋನು ಹಚ್ಚಿದರು. ಪೊಲೀಸರಿಗೋ, ಸಂಡಾಸಿಲ್ಲದ ಇನ್ನಾವ ಊರಿನ ಮಾಸ್ತರಿಗೋ ಗೊತ್ತಿಲ್ಲ.

ಸಾಲಿನಿಂದ ದುರ್ಗವ್ವ ಎಂಬ ಎಂಬತ್ತರ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. ಹುಡುಗಿಯರು ಅವಳಿಗೆ ದಾರಿ ಬಿಟ್ಟರು. ಅವಳು ಕೋಲಿನ ತುದಿಯಿಂದ ಸರ್ ಬೂಟನ್ನು ಮೆಲ್ಲಗೆ ತಟ್ಟಿದಳು.

"ಬಾಜು ಸರದು ಮಾತಾಡೋ ಎಪ್ಪಾ. ನನ್ನ ಪಾಳಿ ಬಂತು, ತಡಿಯಾಕಾಗೂದಿಲ್ಲ."