ಇಳಿಯುವ ಜಾಗ

ಆ ಮನುಷ್ಯ ನಮ್ಮ ಮನೆಯ ಕುರ್ಚಿಯಲ್ಲಿ ಕುಳಿತು, ನನ್ನ ಅಕ್ಕನ ಮಗನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕಾಲ್ಬೆರಳುಗಳನ್ನು ಒಂದೊಂದಾಗಿ ಎಳೆದು ನೋಡಿದ. ಆಮೇಲೆ ಹಿಮ್ಮಡಿ ಹಿಸುಕಿದ. ಆಮೇಲೆ ನನ್ನ ಕಡೆ ತಿರುಗಿ, "ಇವನಪ್ಪ ಎಷ್ಟು ಎತ್ತರ ಇದ್ರು? ಇವನು ಇನ್ನೂ ಬೆಳೀತಾನಾ?" ಎಂದು ಕೇಳಿದ. ಎಮ್ಮೆ ಕೊಳ್ಳಲು ಬಂದವನಾದರೂ ಮೊದಲು ಅದರ ಬೆನ್ನು ತಟ್ಟಿ ಮಾತಾಡಿಸುತ್ತಾನೆ. ಇವನಿಗೆ ಅಷ್ಟೂ ಇಲ್ಲ. ಮುಟ್ಟಿದ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ನಾನು ಕೊಟ್ಟ ಬಿಸ್ಕತ್ತು ಎತ್ತಿಕೊಂಡ. ಥೂ!

ಅವನು ಏಜೆಂಟು. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರನ್ನು ಹುಡುಕಿ ದೊಡ್ಡ ಕ್ಲಬ್ಬುಗಳಿಗೆ ಹಿಡಿದುಕೊಡುವುದು ಅವನ ಕಸುಬು. ಎದ್ದು ಹೋಗಯ್ಯಾ ಎನ್ನಲು ಬಾಯಿ ತುರಿಸುತ್ತಿತ್ತು. ಆದರೆ ಹುಡುಗನ ಮುಖ ನೋಡಿದೆ. ಪಾದ ಪರರ ತೊಡೆಯ ಮೇಲಿದ್ದರೂ ಅವನ ಕಣ್ಣು ಆಗಲೇ ಎಲ್ಲೋ ದೊಡ್ಡ ಮೈದಾನದಲ್ಲಿತ್ತು. ಬಿಸ್ಕತ್ತಿನ ತಟ್ಟೆಯನ್ನು ಏಜೆಂಟನ ಮುಂದಕ್ಕೆ ಸರಿಸಿದೆ.

ಅಕ್ಕ ಹೋದಾಗ ಅವನಿನ್ನೂ ತೊಟ್ಟಿಲಿನಲ್ಲಿದ್ದ. ಭಾವ ಬೇರೆ ಮದುವೆಯಾಗಿ ಬೇರೆ ಊರು ಸೇರಿದರು. ಹಾಗಾಗಿ ಅವನು ನನ್ನವನಾದ. ನನಗೆ ಮದುವೆ ಇಲ್ಲ, ಪುರುಸೊತ್ತೂ ಇಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ. ಡಾಕ್ಟರು ಎಕ್ಸ್‌ರೇ ನೋಡಿ ಹೇಳುತ್ತಾರೆ, ನಾನು ಹತ್ತಿ ಸುತ್ತಿ, ಪ್ಲಾಸ್ಟರ್ ಪಟ್ಟಿ ನೀರಲ್ಲಿ ಅದ್ದಿ, ಮುರಿದ ಕೈಕಾಲಿಗೆ ಸುತ್ತುತ್ತೇನೆ. ಮನೆಗೆ ಬಂದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ. ಆ ಪುಡಿಗೈಯಲ್ಲೇ ಅವನಿಗೆ ತುತ್ತು ತಿನ್ನಿಸಿ ಬೆಳೆಸಿದ್ದು. ಬೆಳೆದ ನೋಡಿ, ಬಾಗಿಲ ಚೌಕಟ್ಟಿಗೆ ಹಣೆ ಬಡಿಯುವಷ್ಟು! ಉದ್ದ ಕಾಲು, ಉದ್ದ ಕುತ್ತಿಗೆ. ಶಾಲೆಯಲ್ಲಿ ಎಲ್ಲರೂ ಕೊಕ್ಕರೆ ಎಂದರು. ನಾನೂ ಹಾಗೇ ಕರೆದೆ.

ಕೊಕ್ಕರೆಗೊಬ್ಬ ಜೊತೆಗಾರ, ಮಿಡತೆ. ಕುಳ್ಳ, ಆದರೆ ಹಾರಿದನೆಂದರೆ ಗಾಳಿಯಲ್ಲೇ ಒಂದು ಗಳಿಗೆ ಕೂತು ಯೋಚನೆ ಮಾಡಿ ಬಾಲ್ ಎಸೆಯುತ್ತಾನೆ ಅನ್ನಿಸುತ್ತಿತ್ತು. ಬುಟ್ಟಿಗೆ ಬಾಲ್ ಹಾಕುವುದರಲ್ಲಿ ಅವನದು ಎತ್ತಿದ ಕೈ. ಕೊಕ್ಕರೆ ಎದುರಾಳಿಗಳನ್ನು ತಡೆಯುವವನು, ಮಿಡತೆ ಅಂಕ ತರುವವನು. ಶಾಲೆ ಬಿಟ್ಟಮೇಲೆ ಇಬ್ಬರೂ ಬೆವರು ನಾರುತ್ತ ನಮ್ಮ ಅಡುಗೆಮನೆಗೆ ನುಗ್ಗಿ ಪಾತ್ರೆ ತಳ ಕೆರೆಯುತ್ತಿದ್ದರು. "ಏನ್ರೋ, ನಂಗೇನಾದ್ರೂ ಉಳಿಸ್ತೀರೋ ಇಲ್ವೋ?" ಎಂದರೆ, ಮಿಡತೆ ಬಾಯಿ ತುಂಬಿಕೊಂಡೇ, "ಚಿಕ್ಕಮ್ಮ, ನೀವು ಡಯಟ್ ಮಾಡ್ಬೇಕು" ಎನ್ನುತ್ತಿದ್ದ. ಅವನಿಗೂ ನಾನು ಚಿಕ್ಕಮ್ಮನೇ.

ಅವರ ಪಿ.ಟಿ. ಮೇಷ್ಟ್ರು ಒರಟು ಮನುಷ್ಯ, ಆದರೆ ಒಂದು ವಿಷಯದಲ್ಲಿ ಅವರಿಗೆ ಕೈಮುಗಿಯಬೇಕು. ಹುಡುಗರು ಸಿಮೆಂಟು ಅಂಗಳಕ್ಕೆ ಇಳಿದ ಮೊದಲ ದಿನವೇ ಹೇಳುತ್ತಿದ್ದರು: "ಹಾರಿದವನು ಕೆಳಗೆ ಬರೋವರೆಗೂ ಆ ಜಾಗ ಅವನದು. ಅಲ್ಲಿ ನಿಮ್ಮ ಕಾಲು ಕಂಡ್ರೆ ನಾನೇ ಮುರೀತೀನಿ." ಹಾರಿದವನ ಕಣ್ಣು ಬುಟ್ಟಿಯ ಮೇಲಿರುತ್ತದೆ. ಕೆಳಗೆ ಯಾರದಾದರೂ ಪಾದವಿದ್ದರೆ ಅವನ ಪಾದ ಅದರ ಮೇಲೆ ಬಿದ್ದು ಪೂರ್ತಿ ಮಗುಚಿಕೊಳ್ಳುತ್ತದೆ. ಅಂಥ ಕಾಲುಗಳು ನನ್ನ ಟೇಬಲಿಗೆ ಬರುತ್ತವೆ. ಕಣಕಾಲು ಎಲ್ಲಿ, ಪಾದ ಎಲ್ಲಿ ಗೊತ್ತಾಗದಷ್ಟು ಊದಿಕೊಂಡು ಬರುತ್ತವೆ.

ಹೈಸ್ಕೂಲು ಮುಗಿಯುವ ವರ್ಷ ಏಜೆಂಟರ ಜಾತ್ರೆಯೇ ನೆರೆಯಿತು. ಅಲ್ಲಿಯವರೆಗೆ ಕೊಕ್ಕರೆಯ ಹೆಸರೂ ಗೊತ್ತಿಲ್ಲದ ಹೆಡ್‌ಮಾಸ್ಟರು ಅವನ ಹೆಗಲಿಗೆ ಕೈ ಹಾಕಲು ಸ್ಟೂಲು ಹುಡುಕುವಂತಾದರು. ಬಂದವರೆಲ್ಲ ಅವನ ತೊಡೆ ತಟ್ಟುವವರೇ, ಮಣಿಕಟ್ಟು ಅಳೆಯುವವರೇ. ಒಬ್ಬನಾದರೂ ಓದಿದೆಯೇನಪ್ಪಾ, ಉಂಡೆಯೇನಪ್ಪಾ ಎಂದು ಕೇಳಲಿಲ್ಲ. ಕೊನೆಗೆ ಆ ಬಿಸ್ಕತ್ತಿನವನೇ ಗೆದ್ದ. ಕೊಕ್ಕರೆ ಒಂದು ಕ್ಲಬ್ಬಿಗೆ, ಮಿಡತೆ ಇನ್ನೊಂದಕ್ಕೆ. ಕೊಕ್ಕರೆಗೆ ಒಂದು ಸೀಸನ್ ಪರೀಕ್ಷೆ. ಮೆಚ್ಚಿದರೆ ಮೂರು ವರ್ಷದ ಕರಾರು, ಇಲ್ಲವೆಂದರೆ ಗಂಟುಮೂಟೆ ಕಟ್ಟಬೇಕು.

ಕ್ಲಬ್ಬಿನಲ್ಲಿ ಅವನು ಹೆಚ್ಚು ಕಾಲ ಕಳೆದದ್ದು ಬೆಂಚಿನ ಮೇಲೆ, ಟವೆಲ್ ಹೊದ್ದುಕೊಂಡು. ಒಂದು ದಿನ ನೋಡಲು ಹೋಗಿದ್ದೆ. ಬಣ್ಣಬಣ್ಣದ ಗೋಡೆ, ಅದರ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಬರಹ, ಅದರ ಕೆಳಗೆ ನಾರುವ ಶೂಗಳ ರಾಶಿ. ಕೋಚು ಚ್ಯೂಯಿಂಗ್ ಗಮ್ ಅಗಿಯುತ್ತಲೇ ಮಾತಾಡುವ ಆಸಾಮಿ. ನನ್ನೆದುರೇ ಕೊಕ್ಕರೆಗೆ ಹೇಳಿದ: "ನೋಡಪ್ಪಾ, ಒಬ್ಬೊಬ್ಬನಿಗೂ ಐದು ಫೌಲು. ಐದಾದ್ರೆ ಆಚೆ. ನಮ್ಮ ಸ್ಟಾರ್‌ಗಳ ಫೌಲು ಚಿನ್ನ, ಅದನ್ನ ವೇಸ್ಟ್ ಮಾಡೋಕಾಗಲ್ಲ. ನಿನ್ನ ಐದೂ ನನ್ನವು. ಒಂದನ್ನೂ ಮನೆಗೆ ತಗೊಂಡು ಹೋಗ್ಬೇಡ."

ಬಸ್ಸಿನಲ್ಲಿ ಬರುವಾಗ ಅದರ ಅರ್ಥ ತಲೆಗೆ ಹತ್ತಿತು. ಇವನನ್ನು ಆಡಲು ಕೊಂಡಿಲ್ಲ. ಎದುರಿನವರನ್ನು ನೂಕಲು, ಗುದ್ದಲು, ಬೀಳಿಸಲು ಕೊಂಡಿದ್ದಾರೆ. ಮೈ ಉರಿದುಹೋಯಿತು. ಇದಕ್ಕಾ ನಾನು ಮೊಟ್ಟೆ ಹಾಲು ಹಾಕಿ ಬೆಳೆಸಿದ್ದು?

ಸೀಸನ್ನಿನ ಕೊನೆಯ ಪಂದ್ಯ ಮಿಡತೆಯ ಕ್ಲಬ್ಬಿನ ಮೇಲೆ, ನಮ್ಮ ಊರಲ್ಲೇ. ಅದರ ಹಿಂದಿನ ದಿನ ಕೊಕ್ಕರೆ ಮನೆಗೆ ಬಂದ. ತಟ್ಟೆಯ ಮುಂದೆ ಕೂತ, ಕೈ ಹಾಕಲಿಲ್ಲ. ಅವನು ಊಟ ಬಿಟ್ಟನೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

"ಏನೋ ಅದು? ಬೊಗಳು" ಎಂದೆ.

"ನಾಳೆ ಮಿಡತೆ ಬಾಲ್ ಎಸೀದ ಹಾಗೆ ನಾನು ಕಾಯ್ಬೇಕಂತೆ ಚಿಕ್ಕಮ್ಮ."

"ಕಾಯಿ. ಅದಕ್ಯಾಕೆ ಈ ಮುಖ?"

"ಅವನು ಹಾರಿದಾಗ ಸ್ವಲ್ಪ ಮುಂದಕ್ಕೆ ಹೋಗು ಅಂದ್ರು ಕೋಚು."

"ಮುಂದಕ್ಕೆ ಅಂದ್ರೆ?"

"ಕೆಳಗೆ. ಎಡಗಾಲು ಬೀಳೋ ಕಡೆ." ಅನ್ನವನ್ನು ಬೆರಳಲ್ಲಿ ಸರಿಸುತ್ತ ಹೇಳಿದ. "ಅವನ ಎಡಗಾಲು ಶಾಲೆಯಲ್ಲಿದ್ದಾಗ ಉಳುಕಿತ್ತಲ್ಲ, ಅದಿನ್ನೂ ಗಟ್ಟಿ ಇಲ್ಲ."

"ಅದು ಆ ಕೋಚಿಗೆ ಹೇಗೆ ಗೊತ್ತು?"

ಅವನು ತಲೆ ಎತ್ತಲಿಲ್ಲ. "ಕೇಳಿದ್ರು. ಹೇಳ್ದೆ."

ಆ ಉಳುಕಿಗೆ ಪಟ್ಟಿ ಸುತ್ತಿದವಳು ನಾನು, ಇದೇ ಅಡುಗೆಮನೆಯಲ್ಲಿ. ಮಿಡತೆಯ ಕೈ ಹಿಡಿದುಕೊಂಡು ಕೂತಿದ್ದವನು ಇವನು. ಬಾಯಿಗೆ ಬಂದಂತೆ ಬೈದೆ. ಅವನನ್ನು ಬೈದೆ, ಕೋಚನ್ನು ಬೈದೆ, ಆ ಬಿಸ್ಕತ್ತು ತಿಂದವನ ವಂಶವನ್ನೆಲ್ಲ ಜಾಲಾಡಿದೆ. ಸುಸ್ತಾದ ಮೇಲೆ ಅವನ ಪಕ್ಕ ಕೂತು ಹೇಳಿದೆ, "ನೋಡು ಮಗಾ, ಬೇಡ ಅಂದ್ರೆ ಕಳಿಸ್ತಾರೆ ತಾನೇ? ಕಳಿಸ್ಲಿ. ನಮ್ಮ ಆಸ್ಪತ್ರೆಯಲ್ಲೇ ಎಕ್ಸ್‌ರೇ ಕೋರ್ಸ್ ಇದೆ. ನಾನು ಓದಿಸ್ತೀನಿ."

ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ, ಪಾಪ ಈ ಹೆಂಗಸಿಗೆ ಏನೂ ತಿಳಿಯದು ಎನ್ನುವ ಹಾಗಿತ್ತು. ಆದರೂ ನನ್ನ ಕೈ ಹಿಡಿದು, "ನಿನ್ನಾಣೆ ಚಿಕ್ಕಮ್ಮ, ಮಾಡಲ್ಲ" ಎಂದ. ಆಮೇಲೆ ಉಂಡ. ಎರಡು ಸಲ ಹಾಕಿಸಿಕೊಂಡು ಉಂಡ. ನನ್ನ ಜೀವಕ್ಕೆ ಸಮಾಧಾನವಾಯಿತು.

ಮರುದಿನ ನಾನೂ ಹೋದೆ. ಕಿವಿ ಗುಂಯ್‌ಗುಡುವ ಸಂಗೀತ, ಸುತ್ತ ಪಾಪ್‌ಕಾರ್ನ್ ತಿನ್ನುತ್ತ ಕಿರುಚುವ ಜನ. ಮಿಡತೆ ಅಂದು ಯಾರ ಕೈಗೂ ಸಿಗಲಿಲ್ಲ, ಎಸೆದದ್ದೆಲ್ಲ ಬುಟ್ಟಿಗೆ. ಯಾವ ತಂಡದವನಾದರೇನು, ನಮ್ಮ ಹುಡುಗ, ನಾನೂ ಚಪ್ಪಾಳೆ ಹೊಡೆದೆ. ಆಗ ಕೋಚು ಗಮ್ ಅಗಿಯುತ್ತ ಬೆಂಚಿನ ಕಡೆ ಬೆರಳು ಮಾಡಿದ. ಕೊಕ್ಕರೆ ಟವೆಲ್ ತೆಗೆದು ಒಳಗೆ ಹೋದ.

ಮೊದಲ ಸಲ ಮಿಡತೆ ಹಾರಿದಾಗ ಕೊಕ್ಕರೆ ಹಿಂದೆ ಸರಿದು ನಿಂತ. ಬಾಲ್ ಒಳಗೆ ಹೋಯಿತು. ಕೋಚು ಅಲ್ಲಿಂದಲೇ ಅವನ ಕಡೆ ನೋಡಿ, ಬಾಗಿಲು ತೋರಿಸುವ ಹಾಗೆ ಹೆಬ್ಬೆರಳು ಆಡಿಸಿದ. ಎರಡನೇ ಸಲ ಮಿಡತೆ ಹಾರಿದ. ನಾನು ಬಾಲ್ ನೋಡಲಿಲ್ಲ, ಕೊಕ್ಕರೆಯ ಪಾದವನ್ನೇ ನೋಡುತ್ತಿದ್ದೆ. ಅದು ಅವಸರವಿಲ್ಲದೆ, ಚಾಪೆ ಸರಿಮಾಡುವವರ ಕಾಲಿನಂತೆ, ಮೆಲ್ಲಗೆ ಮುಂದೆ ಹೋಗಿ ನಿಂತಿತು. ಅದರ ಮೇಲೆ ಮಿಡತೆ ಬಂದು ಇಳಿದ.

ಅವನು ಕಿರುಚಿದ್ದು ಸಂಗೀತದಲ್ಲಿ ಕೇಳಿಸಲಿಲ್ಲ. ರೆಫರಿ ಸೀಟಿ ಊದಿದ. ಕೊಕ್ಕರೆ ನಿಯಮದ ಪ್ರಕಾರ ಕೈ ಎತ್ತಿ ಫೌಲು ತನ್ನದೆಂದು ಒಪ್ಪಿಕೊಂಡ, ತರಗತಿಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ. ಅಷ್ಟೇ. ಒಂದು ಫೌಲು, ಐದರಲ್ಲಿ ಒಂದು! ಸ್ಟ್ರೆಚರ್ ಹೋಗುತ್ತಿದ್ದಂತೆ ನನ್ನ ಪಕ್ಕದವನು, "ಈಗ ಗೆದ್ವಿ ಬಿಡಿ" ಎಂದು ಪಾಪ್‌ಕಾರ್ನ್ ಪೊಟ್ಟಣ ನನ್ನ ಮುಂದೆ ಹಿಡಿದ. ನಾನು ಎದ್ದು ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿಕೊಂಡೆ.

ಅವನು ಮನೆಗೆ ಬಂದದ್ದು ಎರಡು ದಿನ ಬಿಟ್ಟು, ಬಾಗಿಲಲ್ಲೇ ಕುಣಿಯುತ್ತ. "ಮೂರು ವರ್ಷ ಚಿಕ್ಕಮ್ಮ! ಸೈನ್ ಆಯ್ತು!"

"ಬೇಕಂತಲೇ ಇಟ್ಟೆ ಕಾಲು."

"ಇಲ್ಲ, ಅದು ಹಾಗೇ ಆಗೋಯ್ತು. ಆಟದಲ್ಲಿ ಆಗುತ್ತೆ."

"ನನ್ನ ಕಣ್ಣಿಗೇ ಮಣ್ಣೆರಚ್ತೀಯೇನೋ? ನನ್ನ ಮೇಲೆ ಆಣೆ ಇಟ್ಟ ಬಾಯಿ ಅದು!"

ಅವನ ಮುಖ ಸಣ್ಣದಾಯಿತು. ಆಮೇಲೆ, "ನೀನೇನು ತಿಳ್ಕೊಂಡಿದೀಯೋ ಏನೋ. ಇದು ಶಾಲೆಯಲ್ಲ ಚಿಕ್ಕಮ್ಮ, ಕೆಲಸ" ಎಂದು ಹೇಳಿ ಚೀಲ ಎತ್ತಿಕೊಂಡು ಹೋದ. ಅವನು ಯಾವಾಗಲೂ ಕೂರುತ್ತಿದ್ದ ಕುರ್ಚಿಯನ್ನು ಸೋಪುನೀರು ಹಾಕಿ ಉಜ್ಜಿದೆ. ಯಾಕೆ ಉಜ್ಜಿದೆನೋ, ಹೇಸಿಗೆ ಹೋಗಲಿಲ್ಲ.

ಕಾಲು ಅಷ್ಟು ಊದಿಕೊಂಡಾಗ ಸುತ್ತಲೂ ಪ್ಲಾಸ್ಟರ್ ಹಾಕುವಂತಿಲ್ಲ. ಮೊದಲು ಹಿಂಬದಿಗೆ ಮಾತ್ರ ಆಸರೆ ಕೊಟ್ಟು ಕಟ್ಟುತ್ತಾರೆ, ಊತ ಇಳಿದ ಮೇಲೆ ಪೂರ್ತಿ. ಹಾಗಾಗಿ ವಾರ ಕಳೆದು ಮಿಡತೆ ನನ್ನ ಟೇಬಲಿನ ಮೇಲೆ ಮಲಗಿದ. ಮೂಳೆ ಸೀಳಿತ್ತು, ಚರ್ಮ ನೇರಳೆ ಹಣ್ಣಿನ ಬಣ್ಣ. ನನಗೆ ಅವನ ಮುಖ ನೋಡಲು ಮುಖವಿರಲಿಲ್ಲ. "ನೋಯುತ್ತೇನೋ?" ಎಂದೆ. "ನಿಮ್ಮ ಕೈಯಲ್ವಾ ಚಿಕ್ಕಮ್ಮ, ಬಿಡಿ" ಎಂದ. ಆ ಮಾತಿಗೆ ಕಣ್ಣು ಮಂಜಾಯಿತು. ಈ ಒಬ್ಬನಾದರೂ ಹಾಗೇ ಉಳಿದಿದ್ದಾನಲ್ಲ ಎಂದುಕೊಂಡೆ. ಕೊನೆಯ ಪಟ್ಟಿ ಸುತ್ತಿ ಅಂಗೈಯಲ್ಲಿ ನಯಮಾಡುತ್ತಿದ್ದೆ.

ಆಗ ಬಾಗಿಲು ತೆರೆಯಿತು. ಕ್ಲಬ್ಬಿನ ಹೊಸ ಜಾಕೆಟ್ ತೊಟ್ಟ ಕೊಕ್ಕರೆ, ಅವನ ಹಿಂದೆ ಕ್ಯಾಮೆರಾ ಹಿಡಿದ ಒಬ್ಬ.

"ಗೆಳೆಯನ ಯೋಗಕ್ಷೇಮ, ಮೇಡಂ. ಕ್ಲಬ್ಬಿನ ವೆಬ್ ಪುಟಕ್ಕೆ ಒಂದೇ ಫೋಟೋ" ಎಂದು ಹಲ್ಲು ಕಿರಿದ ಕ್ಯಾಮೆರಾದವನು. ಕೊಕ್ಕರೆಯ ಕೈಗೆ ಒಂದು ದಪ್ಪ ಪೆನ್ನು ಕೊಟ್ಟ. ಕೊಕ್ಕರೆ ನನ್ನ ಕಡೆ ನೋಡದೆ, ಇನ್ನೂ ಆರದ ಪ್ಲಾಸ್ಟರಿನ ಮೇಲೆ ಬಾಗಿ ಸಹಿ ಮಾಡತೊಡಗಿದ. ಅಭಿಮಾನಿಗಳಿಗೆ ಕೊಡಲೆಂದು ಕ್ಲಬ್ಬು ಕಲಿಸಿದ ಸಹಿ, ಬಾಲ ಉದ್ದದ್ದು. ಹಸಿ ಪ್ಲಾಸ್ಟರಿನಲ್ಲಿ ಪೆನ್ನು ಹೂತು ಗೆರೆ ಬಿತ್ತು.

ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಅವನ ಮಣಿಕಟ್ಟು ಹಿಡಿದೆಳೆದೆ. "ನಾಚಿಕೆಗೆಟ್ಟವನೇ! ಮುರಿದವನೂ ನೀನೇ, ಅದರ ಮೇಲೆ ಹೆಸರು ಕೆತ್ತೋನೂ ನೀನೇನಾ?" ಎಂದು ಕೂಗಿದೆ. ಮಿಡತೆಯ ಕಡೆ ತಿರುಗಿದೆ. "ಕೇಳಪ್ಪಾ, ಅದು ತಪ್ಪಿ ಆಗಿದ್ದಲ್ಲ. ಕೋಚು ಹೇಳಿಕೊಟ್ಟು ಇವನು ಮಾಡಿದ್ದು. ನಿನ್ನ ಎಡಗಾಲಿನ ವಿಷಯ ಅವರಿಗೆ ಹೇಳಿದ್ದೂ ಇವನೇ."

ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿದ. ಮಿಡತೆ ದಿಂಬಿನ ಮೇಲೆ ತಲೆ ಆ ಕಡೆ ಈ ಕಡೆ ಹೊರಳಿಸಿದ.

"ಗೊತ್ತು ಚಿಕ್ಕಮ್ಮ" ಎಂದ. "ನಂಗೂ ಹೇಳಿದ್ರು, ನಮ್ಮ ಕೋಚು. ಇವನು ಬುಟ್ಟಿ ಹತ್ರ ಹಾರಿದಾಗ ಬಲಗಾಲಿನ ಕೆಳಗೆ ಕಾಲು ಇಡು ಅಂತ. ನಾನು ಅದನ್ನ ಸೆಕೆಂಡ್ ಹಾಫಿಗೆ ಉಳಿಸ್ಕೊಂಡಿದ್ದೆ."

ಕೊಕ್ಕರೆಯ ಬಲ ಮಂಡಿಯಲ್ಲಿ ಶಾಲೆಯಿಂದಲೂ ನೋವಿತ್ತು. ಅದು ಗೊತ್ತಿದ್ದವರು ಈ ಕೋಣೆಯಲ್ಲಿದ್ದ ನಾವು ಮೂವರೇ. "ಬಲಗಾಲು ಅಂತ ಅವರಿಗೆ ಯಾರೋ ಹೇಳಿದ್ದು?" ಎಂದೆ.

ಮಿಡತೆ ಸೂರು ನೋಡಿದ. "ಕೇಳಿದ್ರು. ಹೇಳ್ದೆ."

"ಲೋ, ನೀನೂನಾ!" ಎಂದ ಕೊಕ್ಕರೆ.

"ಮತ್ತೆ? ನಿಂಗೊಬ್ಬನಿಗೇ ಕೆಲಸ ಬೇಕೇನೋ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಕ್ಕರು. ನನ್ನ ಅಡುಗೆಮನೆಯಲ್ಲಿ ಪಾತ್ರೆ ಕೆರೆಯುತ್ತ ನಗುತ್ತಿದ್ದ ಅದೇ ನಗು, ಚೂರೂ ಬದಲಾಗಿರಲಿಲ್ಲ. ಕ್ಯಾಮೆರಾದವನಿಗೆ ಜೀವ ಬಂತು. "ಹಾಂ, ಹಾಗೇ! ಹಾಗೇ ಇರಿ!" ಎನ್ನುತ್ತ ಪಟಪಟನೆ ತೆಗೆದ. ಆ ಫೋಟೋ ಈಗ ಎರಡೂ ಕ್ಲಬ್ಬಿನ ಗೋಡೆಯ ಮೇಲಿದೆಯಂತೆ. ಅಂಚಿನಲ್ಲಿ ಪ್ಲಾಸ್ಟರ್ ಮೆತ್ತಿದ ನನ್ನ ಕೈಗಳೂ ಬಂದಿವೆ ಎಂದು ಆಸ್ಪತ್ರೆಯವರೆಲ್ಲ ನನ್ನನ್ನು ಅಭಿನಂದಿಸಿದರು.

ಮಿಡತೆಯ ಮೂಳೆ ಚೆನ್ನಾಗಿ ಕೂಡಿತು. ಹೊಸ ಸೀಸನ್ನಿನಲ್ಲಿ ಅವನೂ ಆಡುತ್ತಿದ್ದಾನೆ. ಬರುವ ಶನಿವಾರ ಎರಡೂ ಕ್ಲಬ್ಬುಗಳಿಗೆ ಮತ್ತೆ ಇದೇ ಊರಲ್ಲಿ ಪಂದ್ಯ. ಮುಂದಿನ ಸಾಲಿನ ಟಿಕೆಟ್‌ಗಳು ಬಂದಿವೆ, ಇಬ್ಬರೂ ಒಂದೊಂದು ಕಳಿಸಿದ್ದಾರೆ. ಎರಡನ್ನೂ ಕಸದ ಬುಟ್ಟಿಗೆ ಹಾಕಿದೆ. ಶನಿವಾರ ನನಗೆ ರಜೆಯಿತ್ತು. ಮೇಲಿನವರ ಹತ್ತಿರ ಕೇಳಿಕೊಂಡು ಪಂದ್ಯದ ಹೊತ್ತಿಗೇ ಪ್ಲಾಸ್ಟರ್ ಕೋಣೆಯಲ್ಲಿ ಡ್ಯೂಟಿ ಹಾಕಿಸಿಕೊಂಡಿದ್ದೇನೆ.