ಸಭಾಮೇಜಿನ ಮೇಲೆ ಹದಿನೆಂಟು ಅಡಿ ಬಿದಿರು

ನಾನು ಒಂದು ಮೇಜು. ಹದಿನಾಲ್ಕು ಅಡಿ ಉದ್ದದ ಸಾಗವಾನಿ ಮೇಜು. ನಮ್ಮೂರ ನಗರಸಭೆಯ ಸಭಾಂಗಣದ ನಡುವೆ ನಲವತ್ತೊಂದು ವರ್ಷ ನಿಂತಿದ್ದೆ. ನನ್ನನ್ನು ಮಾಡಿದವನು ಮೌನೇಶ ಬಡಿಗೇರ. ಹೊರಗೆ ಮಾಡಿದರೆ ಬಾಗಿಲಲ್ಲಿ ಹಿಡಿಸುವುದಿಲ್ಲವೆಂದು ಅವನು ಹಲಗೆಗಳನ್ನು ಒಳಗೆ ಹೊರಿಸಿ ತಂದು ಅಲ್ಲೇ ಕೂತು ಜೋಡಿಸಿದ. ಹಾಗಾಗಿ ನಾನು ಹುಟ್ಟಿದ್ದೇ ಸಭಾಂಗಣದಲ್ಲಿ. ಬಿಸಿಲು ಹೇಗಿರುತ್ತದೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ಮೇಜಿಗೆ ಜನರ ಮುಖ ಅಷ್ಟಾಗಿ ಕಾಣುವುದಿಲ್ಲ. ಮೇಲೆ ಅಂಗೈಗಳು, ಕೆಳಗೆ ಮೊಣಕಾಲು ಮತ್ತು ಚಪ್ಪಲಿಗಳು, ಇಷ್ಟೇ ನನ್ನ ಲೋಕ. ಗುಡುಗಿನಂತೆ ಮಾತಾಡುವ ಸದಸ್ಯರ ಕಾಲು ಕೆಳಗೆ ಥರಥರ ನಡುಗುವುದನ್ನು ಕಂಡು ಮೊದಮೊದಲು ನಗು ಬರುತ್ತಿತ್ತು. ಠರಾವಿಗೆ ಒಪ್ಪಿಗೆಯಾದರೆ ಮೇಜು ಕುಟ್ಟುವುದು ಇವರ ಪದ್ಧತಿ. ಚರಂಡಿಗೆ ಕುಟ್ಟಿದರು, ಬೀದಿದೀಪಕ್ಕೆ ಕುಟ್ಟಿದರು, ಯಾರೋ ಮಂತ್ರಿಗೆ ಅಭಿನಂದನೆ ಹೇಳುವುದಕ್ಕೂ ಕುಟ್ಟಿದರು. ಮೊದಲ ಹತ್ತು ವರ್ಷ ನೋಯುತ್ತಿತ್ತು. ಆಮೇಲೆ ಮೈಗೆ ಜೋಮು ಹಿಡಿಯಿತು, ಬಿಡಲೇ ಇಲ್ಲ. ಮುಂದಿನದನ್ನೂ ಆ ಜೋಮಿನಲ್ಲೇ ಹೇಳುತ್ತಿದ್ದೇನೆ, ದುಃಖ ಕಡಿಮೆಯಾಯಿತೆಂದು ಯಾರೂ ದೂರಬೇಡಿ.

ಇವರದು ಇನ್ನೊಂದು ಪದ್ಧತಿ ಇತ್ತು. ಸಭೆ ಶುರುವಾಗುವ ಮೊದಲು ಚಹಾದ ಜೊತೆಗೇ ನಡಾವಳಿ ಪುಸ್ತಕವೂ ನನ್ನ ಮೇಲೆ ಒಂದು ಸುತ್ತು ಬರುತ್ತಿತ್ತು. ಎಲ್ಲರೂ ಖಾಲಿ ಪುಟದ ಕೆಳಭಾಗದಲ್ಲಿ ಸಹಿ ಹಾಕುತ್ತಿದ್ದರು. ಹಾಜರಿಗೂ ಅದೇ ಸಹಿ, ಠರಾವಿಗೂ ಅದೇ ಸಹಿ. ಮೇಲಿನ ಖಾಲಿ ಜಾಗವನ್ನು ಹೆಡ್‌ಕ್ಲಾರ್ಕ್ ಗಲಗಲಿಯವರು ಎರಡು ದಿನ ಬಿಟ್ಟು ಬಿಡುವಾಗಿ ತುಂಬುತ್ತಿದ್ದರು. ಅವರ ಅಕ್ಷರ ಮುತ್ತಿನಂತಿತ್ತು, ಹಾಗಾಗಿ ಯಾರೂ ಇದರಲ್ಲಿ ತಪ್ಪು ಹುಡುಕಲಿಲ್ಲ.

ಒಂಬತ್ತನೇ ವಾರ್ಡಿನಿಂದ ಕೇತವ್ವ ಮೇದಾರ ಗೆದ್ದು ಬಂದಳು. ಬುಟ್ಟಿ, ಮೊರ, ತೊಟ್ಟಿಲು ಹೆಣೆಯುವವಳು. ಬಿದಿರಿನ ಸಿಬಿರು ಕುಯ್ದು ಕುಯ್ದು ಅವಳ ಅಂಗೈ ನನ್ನ ಹಲಗೆಗಿಂತ ಒರಟಾಗಿತ್ತು. ಓದು ನಾಲ್ಕನೇ ಇಯತ್ತೆಗೇ ನಿಂತಿತ್ತು. ಆದರೆ ಸಹಿ ಮಾತ್ರ ಒಂದು ತಿಂಗಳು ಕೂತು ಕಲಿತದ್ದು, 'ಕೇ'ಯ ದೀರ್ಘಕ್ಕೆ ಚೆಂದದ ಬಳುಕು ಕೊಡುತ್ತಿದ್ದಳು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಮೊದಲು ಸಹಿ ಹಾಕುವುದು ಅವಳ ಹೆಮ್ಮೆ. ಮೊದಲನೇ ಗೆರೆ ಯಾವಾಗಲೂ ಅವಳದೇ.

ಆಗಲೇ ಟಾಂಗಾ ಸ್ಟ್ಯಾಂಡಿನ ವಿಷಯ ಬಂತು. ಪೇಟೆಯ ನಟ್ಟನಡುವಿನ ಬಯಲು ಅದು. ಟಾಂಗಾಗಳು ಹೋಗಿ ಎಷ್ಟೋ ಕಾಲವಾಗಿತ್ತು, ಮೇದಾರರ ಮೂವತ್ತೆರಡು ಮನೆಯವರು ಅಲ್ಲಿ ಬಿದಿರು ಸೀಳಿ ಬದುಕುತ್ತಿದ್ದರು. ಅಲ್ಲಿ ಬಹುಮಹಡಿ ಪಾರ್ಕಿಂಗ್ ಮತ್ತು ವಾಣಿಜ್ಯ ಸಂಕೀರ್ಣ ಕಟ್ಟಬೇಕೆಂಬ ಪ್ರಸ್ತಾವ ಬಂತು. ನಾಲ್ಕು ಸಭೆ ಇದರ ಮೇಲೆಯೇ ನಡೆದವು. ನೀಲನಕ್ಷೆಯನ್ನು ನನ್ನ ಮೇಲೆ ಹಾಸಿ ಮೂಲೆಗಳಿಗೆ ಚಹಾದ ಲೋಟ ಇಡುತ್ತಿದ್ದರು. ಅವುಗಳ ಬಿಸಿಗೆ ಬಿದ್ದ ಬಿಳಿ ಉಂಗುರಗಳು ಈಗಲೂ ನನ್ನ ಮೈಮೇಲಿವೆ.

ಜವಳಿ ಅಂಗಡಿ ಇಟ್ಟಿದ್ದ ಸದಸ್ಯ ಮೇಲಗಿರಿಯವರು ಕಟ್ಟಡ ಬೇಕೇ ಬೇಕೆಂದರು. "ಮದಿವಿ ಸೀಜನ್‌ನ್ಯಾಗ ಗಿರಾಕಿ ಗಾಡಿ ನಿಲ್ಲಸಾಕ ಜಾಗಾ ಇಲ್ದ ಹೊಳ್ಳಿ ಹೊಕ್ಕಾರ್ರೀ. ಹಿಂಗಾದ್ರ ಪ್ಯಾಟಿ ಉಳಿಯೂದಿಲ್ಲ." ಅದು ಸುಳ್ಳಲ್ಲ. ಮೇದಾರರಿಗೂ ಮೂರನೇ ಮಹಡಿಯಲ್ಲಿ ಹತ್ತಡಿಗೆ ಹತ್ತಡಿಯ ಮಳಿಗೆ ಕೊಡುತ್ತೇವೆಂದು ಅಧ್ಯಕ್ಷ ಚನವೀರಗೌಡರು ಸಮಾಧಾನ ಹೇಳಿದರು.

ಕೇತವ್ವ ಮೂರು ಸಭೆ ಸುಮ್ಮನೆ ಕೂತಿದ್ದಳು. ನಾಲ್ಕನೆಯದಕ್ಕೆ ಒಂದು ಹಸಿ ಬಿದಿರನ್ನು ಹೆಗಲ ಮೇಲೆ ಹೊತ್ತು ತಂದಳು. ಬಾಗಿಲಲ್ಲಿ ಪಟ್ಟೇವಾಲ ತಡೆಯಲು ನೋಡಿದ, ಆದರೆ ಅಷ್ಟರಲ್ಲಿ ಬಿದಿರಿನ ಅರ್ಧ ಒಳಗೆ ಬಂದಾಗಿತ್ತು. ಅದನ್ನು ಗೋಡೆಗೆ ಒರಗಿಸಿ, ಎಂದಿನಂತೆ ಮೊದಲು ಹೋಗಿ ಸಹಿ ಹಾಕಿ ಬಂದಳು. ಅವಳ ಸರದಿ ಬಂದಾಗ ಬಿದಿರನ್ನು ತಂದು ನನ್ನ ಮೇಲೆ ಉದ್ದಕ್ಕೆ ಮಲಗಿಸಿದಳು. ಆ ಕಡೆ ಎರಡಡಿ, ಈ ಕಡೆ ಎರಡಡಿ ಹೊರಚಾಚಿತು. ಗೌಡರು ಕುರ್ಚಿ ಹಿಂದೆ ಸರಿಸಿಕೊಂಡರು.

"ಇದು ಹದಿನೆಂಟಡಿ ಐತ್ರೀ," ಎಂದಳು. "ಇದನ್ನ ನೆಲಕ್ಕ ಹಾಕಿ, ಕಾಲಾಗ ಒತ್ತಿ, ಈ ತುದಿಯಿಂದ ಆ ತುದೀಗೆ ಒಂದ ಸಲಕ್ಕ ಸೀಳಬೇಕು. ನಡುವ ತುಂಡು ಮಾಡಿದ್ರ ತೊಟ್ಟಲಾ ಆಗೂದಿಲ್ಲ, ಕಣಜಾ ಆಗೂದಿಲ್ಲ. ಹತ್ತಡಿ ಖೋಲ್ಯಾಗ ಇದು ಹೆಂಗ ಹಿಡಸ್ತೈತಿ, ನೀವ ಹೇಳ್ರಿ. ಮೆಟ್ಟಲಾ ಏರಿಸಿ ಮೂರನೇ ಮಾಳಿಗಿಗೆ ಹೆಂಗ ಒಯ್ಯೂದು? ನಮಗ ಮಳಿಗಿ ಬ್ಯಾಡ್ರಿ. ಹಿಂದ ನಾಕು ಗುಂಟೆ ಬಯಲು ಬಿಡ್ರಿ, ಸಾಕು."

ಅವಳ ದನಿ ಗಟ್ಟಿಯಾಗಿತ್ತು. ಕಾಲೂ ನಡುಗಲಿಲ್ಲ. ನಾನು ಕಂಡ ಸಾವಿರಾರು ಭಾಷಣಗಳಲ್ಲಿ ಹಾಗೆ ಮಾತಾಡಿದವರು ನಾಲ್ಕೈದು ಮಂದಿ ಇರಬಹುದು.

ಆಮೇಲೆ ಮೇಲಗಿರಿಯವರೇ, "ಆಕಿ ಹೇಳೂದ್ರಾಗ ಖರೇ ಐತಿ ಬಿಡ್ರಿ, ನಾಕು ಗುಂಟೆ ಬಿಟ್ಟರ ಏನ ಹೊಕ್ಕೈತಿ?" ಎಂದರು. ಗೌಡರು ತಲೆಯಾಡಿಸಿದರು. ಸದಸ್ಯರೆಲ್ಲ ಮೇಜು ಕುಟ್ಟಿದರು. ಕೇತವ್ವನೂ ಮೊದಲ ಸಲ ಕುಟ್ಟಿದಳು. ಇಷ್ಟು ವರ್ಷದ ಜೋಮಿನಲ್ಲೂ ಅವಳ ಪೆಟ್ಟು ನನಗೆ ತಾಗಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಎರಡು ದಿನ ಬಿಟ್ಟು ಗಲಗಲಿಯವರು ನನ್ನ ಮೇಲೆ ಪುಸ್ತಕ ತೆರೆದು ಬರೆಯಲು ಕೂತರು. ಕಟ್ಟಡದ ಗುತ್ತಿಗೆದಾರರ ಕಡೆಯಿಂದ ಟೈಪಾಗಿ ಬಂದ ಕರಡು ಅವರ ಮುಂದಿತ್ತು. ಸಭೆಗೆ ಮೊದಲೇ ಬಂದಿದ್ದ ಕಾಗದ ಅದು. ನೋಡಿ ನೋಡಿ ಬರೆದರು. ನಾಲ್ಕು ಗುಂಟೆಯ ಮಾತು ಅದರಲ್ಲಿರಲಿಲ್ಲ, ಹಾಗಾಗಿ ಪುಸ್ತಕದಲ್ಲೂ ಬರಲಿಲ್ಲ. ಕೊನೆಗೆ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆದು ಗೆರೆ ಎಳೆದರು. ಅಕ್ಷರ ಎಂದಿನಂತೆ ಚೆನ್ನಾಗಿಯೇ ಇತ್ತು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಮಧ್ಯಾಹ್ನದ ಊಟಕ್ಕೆ ಹೊತ್ತಾಗಿತ್ತು.

ಜೆಸಿಬಿ ಬಯಲಿನ ಹಿಂಭಾಗಕ್ಕೂ ಬಂದ ದಿನ ಕೇತವ್ವ ಓಡಿ ಬಂದಳು. ಗಲಗಲಿಯವರು ಪುಟ ತೆರೆದು ಬೆರಳಿಟ್ಟು ತೋರಿಸಿದರು.

"ನಿಮ್ಮ ಸಹಿ ಎಲ್ಲಾರಕಿಂತ ಮೊದಲ ಐತೆವ್ವಾ."

ಅವಳು ಪ್ರತಿ ಪದವನ್ನೂ ಬೆರಳಿಟ್ಟುಕೊಂಡು ಓದಿದಳು. ಬಹಳ ಹೊತ್ತು ಹಿಡಿಯಿತು. ಗೌಡರ ಬಳಿ ಹೋದಳು. ಸರ್ಕಾರಕ್ಕೆ ಹೋದ ಕಾಗದ ಹೊಳ್ಳಿ ಬರುವುದಿಲ್ಲವೆಂದರು. ಮೇಲಗಿರಿಯವರು ಪಾಪ ಎಂದರು. ಓಣಿಯಲ್ಲಿ ಅವಳ ಜನವೇ, ನೀನೇ ಬರೆದುಕೊಟ್ಟು ಬಂದೆ ಎಂದು ಅವಳೊಡನೆ ಮಾತು ಬಿಟ್ಟರಂತೆ. ಮುಂದಿನ ಸಭೆಗಳಿಗೂ ಅವಳು ಬರುತ್ತಿದ್ದಳು, ಎಲ್ಲರಿಗಿಂತ ಕೊನೆಗೆ ಬಂದು ಮೂಲೆಯಲ್ಲಿ ಕೂತು ಎದ್ದು ಹೋಗುತ್ತಿದ್ದಳು.

ಕಟ್ಟಡ ಎದ್ದಿತು. ನಗರಸಭೆಗೂ ಗಾಜಿನ ಮೇಜಿನ ಹೊಸ ಸಭಾಂಗಣ ಬಂತು. ಬಾಗಿಲಲ್ಲಿ ಹಿಡಿಸದ ನನ್ನನ್ನು ಗರಗಸದಿಂದ ಮೂರು ತುಂಡು ಮಾಡಿ ಹರಾಜು ಹಾಕಿದರು. ನೋವೇನೂ ಆಗಲಿಲ್ಲ. ಎರಡು ತುಂಡು ಎಲ್ಲಿಗೋ ಹೋದವು. ನಾನೆಂದು ಈಗ ಹೇಳಿಕೊಳ್ಳುತ್ತಿರುವ ಈ ನಡುವಿನ ತುಂಡು ಪಾರ್ಕಿಂಗ್ ಗುತ್ತಿಗೆದಾರನ ಪಾಲಾಯಿತು. ಕಬ್ಬಿಣದ ಕಾಲು ಹಚ್ಚಿ ನೆಲಮಾಳಿಗೆಯ ದ್ವಾರದಲ್ಲಿ ನಿಲ್ಲಿಸಿದರು. ಚೀಟಿ ಹರಿದು ಕೊಡಲು ಒಂದು ಮೇಜು ಬೇಕಿತ್ತು.

ಚೀಟಿ ಕೊಡಲು ಒಬ್ಬರು ಬೇಕಿತ್ತು. ಜಾಗ ಕಳೆದುಕೊಂಡವರಲ್ಲಿ ಒಬ್ಬರಿಗೆ ಕೆಲಸ ಕೊಡಬೇಕೆಂದು ಕರಾರಿನಲ್ಲಿ ಇತ್ತಂತೆ. ಅವಧಿ ಮುಗಿದ ಕೇತವ್ವ ನೀಲಿ ಅಂಗಿ ತೊಟ್ಟು ಬಂದು ನನ್ನ ಹಿಂದೆ ಕೂತಳು. ನನ್ನ ಗುರುತು ಅವಳಿಗೆ ಹತ್ತಲಿಲ್ಲ. ಹತ್ತಿದ್ದರೂ ಏನು ಮಾಡುತ್ತಿದ್ದಳು? ಅವಳ ಅಂಗೈ ವರ್ಷದೊಳಗೆ ಮೆತ್ತಗಾಯಿತು. ಇಷ್ಟು ವರ್ಷ ಬದುಕಿ ನಾನು ತಿಳಿದದ್ದು ಇಷ್ಟೇ: ಜೋಮು ಮರಕ್ಕೆ ಮಾತ್ರ ಹಿಡಿಯುವುದಲ್ಲ.

ಮೊನ್ನೆ ಮದುವೆ ಸಾಮಾನು ತುಂಬಿದ ಒಂದು ಕಾರು ಬಂತು. ಹಳ್ಳಿ ಕಡೆಯ ಹಿರಿಯರೊಬ್ಬರು ಕಿಟಕಿ ಇಳಿಸಿ ಕತ್ತು ಹೊರಗೆ ಹಾಕಿದರು.

"ತಂಗೀ, ಇಲ್ಲೆ ಮೇದಾರು ಕೂಡತಿದ್ರಲ್ಲ, ಎಲ್ಲಿ ಹೋದ್ರು? ಮಗಳ ಮದಿವಿಗೆ ಬಾಗಿನದ ಮೊರಾ ಬೇಕಾಗಿತ್ತು. ನಮ್ಮ ಮನ್ಯಾಗ ಪ್ಲಾಸ್ಟಿಕ್ಕಿನವು ನಡಿಯೂದಿಲ್ಲ."

ಮೇದಾರರು ಈಗ ಬೈಪಾಸಿನಾಚೆ ಹತ್ತಿ ಗೋದಾಮಿನ ಹಿಂದೆ ಕೂತಿದ್ದಾರೆ. ಕೇತವ್ವನ ಸ್ವಂತ ತಂಗಿಯೂ ಅಲ್ಲೇ ಇದ್ದಾಳೆ.

"ಗೊತ್ತಿಲ್ರೀ," ಎಂದಳು ಕೇತವ್ವ. "ಗಾಡಿ ನಂಬರ್ ಹೇಳ್ರಿ."

ಅವರು ಹೇಳಿದರು. ಅವಳು ಬರೆದುಕೊಂಡಳು.