ಗೂಟದ ಮೇಲಿನ ಕೋಟು

"ಈ ಕೋಟು ಮುಟ್ಟುದ್ರೆ ಕೈ ಮುರ್ದಾಕ್ತೀನಿ, ಮುಂಡೆ."

ಹೀಗೆಂದು ಒಗೊಲಾ ತನ್ನ ಕೋಟನ್ನು ಅತ್ತಿಗೆ ಅದೋಯೊಳ ಮನೆಯ ಗೂಟಕ್ಕೆ ನೇತುಹಾಕಿ ಹೋದ. ಅವನಣ್ಣ ಸರೋವರದಲ್ಲಿ ದೋಣಿ ಮಗುಚಿ ಸತ್ತು ಎಂಟು ತಿಂಗಳಾಗಿತ್ತು. ನಮ್ಮೂರಲ್ಲಿ ಮೈದುನನ ಕೋಟು ವಿಧವೆಯ ಮನೆಯೊಳಗೆ ನೇತಾಡಿದರೆ ಅವಳು ಅವನವಳು. ಕಿತ್ತೆಸೆದರೆ ಅವಳು ಮನೆ ಬಿಡಬೇಕು, ಮಕ್ಕಳನ್ನೂ ಬಿಡಬೇಕು. ನನ್ನ ಮನೆಯಲ್ಲೂ ಒಂದು ನೇತಾಡಿತ್ತು. ಪುಣ್ಯಕ್ಕೆ ಆ ಹಲ್ಕಟ್ ಬೇಗ ಸತ್ತ.

ನಾವಿಬ್ಬರೂ ಗಂಡನಿಲ್ಲದ ಹೆಂಗಸರ ಹೊಲಿಗೆ ಕೇಂದ್ರಕ್ಕೆ ಹೋಗುತ್ತಿದ್ದೆವು. ಕಲಿತು ಮುಗಿದರೆ ಒಂದು ಮಿಷನ್ನು ಕೊಡುತ್ತಾರೆ. ದಿನಾ ಬೆಳಿಗ್ಗೆ ಮೊದಲು, ಬದುಕುವುದು ಹೇಗೆಂಬ ಪಾಠ. ಕಿಸುಮು ಪಟ್ಟಣದಿಂದ ಬಂದ ಒಡೇರಾ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ "ನನಗೆ ಬೇಡ" ಎಂದು ಹತ್ತು ಸಲ ಹೇಳಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಅದೋಯೊ.

ಅದೇ ವಾರ ಮೇಡಂ ಅದೋಯೊಳ ಮನೆ ತಪಾಸಣೆಗೆ ಬಂದರು. ನಾನೂ ಅಲ್ಲೇ ಇದ್ದೆ. ಅಂಗಳದಲ್ಲಿ ಒಣಹಾಕಿದ್ದ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು.

"ಯಾರದು ಕೋಟು?"

"ಮೈದುನಂದು. ನಾನೇನ್ ಕರೀನಿಲ್ಲ ಮೇಡಂ."

"ಕೋಟಿದೆ ಅಂದ್ರೆ ಗಂಡಸಿದ್ದಾನೆ. ನಾಳೆಯಿಂದ ನಿನ್ನ ಮಿಷನ್ನಿಗೆ ಬೇರೆಯವಳು ಕೂರ್ತಾಳೆ."

"ಅವ್ನಿಗೆ ಬ್ಯಾಡ ಅಂದಿವ್ನಿ. ನೀವ್ ಹೇಳ್ಕೊಟ್ಟಂಗೇ ಅಂದಿವ್ನಿ."

"ಅಂದ್ಮೇಲೆ ಇದು ಇಲ್ಲಿ ಯಾಕಿದೆ?"

ನನಗೆ ತಡೆಯಲಾಗಲಿಲ್ಲ. "ಹಂಗಾದ್ರೆ ನೀವೇ ಕಿತ್ತು ಬಿಸಾಕಿ ಮೇಡಂ," ಎಂದೆ.

"ನಿಮ್ಮ ಪದ್ಧತಿಗೆಲ್ಲ ನಾವು ಕೈ ಹಾಕಲ್ಲಮ್ಮ," ಎಂದು ಅವರು ಕಾರು ಹತ್ತಿದರು.

ಮರುದಿನ ಅದೋಯೊ ಕೋಟನ್ನು ತೋಳ ಮೇಲೆ ಹಾಕಿಕೊಂಡು ಕೇಂದ್ರಕ್ಕೆ ಬಂದಳು. ಕತ್ತರಿಸುವ ಮೇಜಿನ ಮೇಲೆ ಹರವಿದಳು. ನಾನು ಕೈ ಹಿಡಿದೆ.

"ಏನ್ಮಾಡ್ತಿದೀಯೆ? ಮಕ್ಕಳ ಗತಿ?"

"ದಿನಾ ಬಂದು ಬಾಗ್ಲು ಒದೀತಾವ್ನೆ ಕಣಕ್ಕ ಸೂಳೆಮಗ. ಎಳೇ ಮಕ್ಳು, ಹೆದ್ರಿ ಹಾಸ್ಗೇಲೇ ಉಚ್ಚೆ ಹೊಯ್ಕೊತವೆ. ಈ ಮಿಷನ್ನೂ ಹೋದ್ರೆ ನಾನು ಅವ್ನ ಕೈಲೇ ಸಾಯ್ಬೇಕು."

ಕತ್ತರಿ ಕೋಟಿನ ಭುಜದ ಹೊಲಿಗೆಗೆ ಇಳಿಯಿತು. ಮೇಡಂ ಓಡಿ ಬಂದು ಹೊಡೆದುಹಾಕಿದ್ದ ಅವಳ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಬರೆದುಕೊಂಡರು. "ಧೈರ್ಯ ಅಂದ್ರೆ ಇದು, ನೋಡಿ ಕಲೀರಿ," ಎಂದು ಚಪ್ಪಾಳೆ ತಟ್ಟಿಸಿ ಫೋಟೋ ತೆಗೆಸಿದರು. ನಾನೂ ತಟ್ಟಿದೆ. ಆ ಚಪ್ಪಾಳೆಗೆ ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅವಳ ಪಾತ್ರೆ, ಚಾಪೆ, ಕಂಬಳಿ ಕತ್ತೆಯ ಮೇಲೆ ಕೇಂದ್ರದ ಗೇಟಿಗೆ ಬಂದವು. ಅವಳ ಇಬ್ಬರು ಹೆಣ್ಣುಮಕ್ಕಳು ಬರಲಿಲ್ಲ. ನಾನು ಓಡಿದೆ. ಒಗೊಲಾನ ಕಡೆಯವರು ಹಟ್ಟಿಯ ಬಾಗಿಲಿಗೆ ಮುಳ್ಳು ಎಳೆದಿದ್ದರು. ಬೇಲಿಯಾಚೆ ಚಿಕ್ಕವಳು ಅವ್ವನನ್ನು ಕರೆಯುವುದು ಕೇಳಿತು. ಅಷ್ಟರಲ್ಲಿ ಯಾರೋ ಅವಳ ಬಾಯಿ ಮುಚ್ಚಿದರು.

ನಾನು ವಾಪಸು ಬಂದು ಹೇಳಿದಾಗ ಅದೋಯೊ ಅಳಲಿಲ್ಲ. ಕೋಟಿನ ಬಟ್ಟೆಯಲ್ಲಿ ಎರಡು ಲಂಗ ಕತ್ತರಿಸಿ ಹೊಲಿಯತೊಡಗಿದಳು. ಮೇಡಂ ಹಿಂದೆ ನಿಂತು ನೋಡಿದರು.

"ಹೆಣ್ಣುಮಕ್ಕಳು ಬೇಗ ಬೆಳೀತಾರೆ. ಕೆಳಗೆ ಮಡಿಕೆ ಜಾಸ್ತಿ ಬಿಡು, ಆಮೇಲೆ ಬಿಚ್ಚಿ ಉದ್ದ ಮಾಡಬಹುದು."

ಅದೋಯೊ ಮಿಷನ್ನು ತುಳಿಯುತ್ತಿದ್ದ ಕಾಲು ನಿಲ್ಲಿಸಿದಳು.

"ಎಷ್ಟ್ ವರ್ಷುಕ್ಕಾಗೋವಷ್ಟು ಬಿಡ್ಲಿ, ಮೇಡಂ?"